ನೀಲಿ ಬಾಲದ ಕೋಳಿ

ಅವರು ಓದಿ ಮುಗಿಸಿದ್ದಾರೋ, ಇನ್ನೂ ಮೂರನೆಯ ಸಾಲಿನಲ್ಲೇ ನಿಂತಿದ್ದಾರೋ? ಕೇಳಿದರೆ ನಾನು ಆಗಲೇ ಮುಗಿಸಿದ್ದೇನೆಂದು ಗೊತ್ತಾಗಿಬಿಡುತ್ತದೆ. ಕೇಳದಿದ್ದರೆ, ನಾವಿಬ್ಬರೂ ಒಂದು ಮಳೆಗಾಲವಿಡೀ ಕೂತು ಮಾಡಿದ ಕೆಲಸ ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಜಾರಿಹೋಗುತ್ತದೆ. ಹೊರಳಿ ಅವರ ಮುಖ ನೋಡೋಣವೆಂದರೆ ಅದೂ ಆಗುವಂತಿಲ್ಲ. ನಾನು ಕಣ್ಣು ತೆಗೆದರೆ ಪರದೆ ಆರುತ್ತದೆ, ಅವರು ಓದುತ್ತಿದ್ದ ಸಾಲು ತಪ್ಪುತ್ತದೆ. ಹಾಗಾಗಿ ಪರದೆಯನ್ನೇ ನೋಡುತ್ತ, ಕಿವಿಯನ್ನು ಮಾತ್ರ ಪಕ್ಕಕ್ಕೆ ಕೊಟ್ಟು ಕೂತಿದ್ದೆ. ಓದುವಾಗ ಕಸ್ತೂರಕ್ಕನ ಬಲಗೈ ಬೆರಳು ಮೊಣಕಾಲಿನ ಮೇಲೆ ಹೊಲಿಗೆ ಹಾಕುವಂತೆ ಆಡುತ್ತಿರುತ್ತದೆ. ಸೀರೆಯ ಮೇಲೆ ಅದರ ಸಣ್ಣ ಸರಸರ ಕೇಳುತ್ತಿತ್ತು. ಅದು ನಿಂತಿರಲಿಲ್ಲ. ಅಂದರೆ ಇನ್ನೂ ಓದುತ್ತಿದ್ದಾರೆ. ಅಥವಾ ಓದಿ ಮುಗಿಸಿ ಯೋಚಿಸುತ್ತಿದ್ದಾರೆ. ಎರಡಕ್ಕೂ ಅವರ ಬೆರಳು ಒಂದೇ ತರಹ ಆಡುತ್ತದೆ.

ನಮ್ಮ ಊರಿನಲ್ಲಿ ಇಬ್ಬರು ನೋಡಿದರೆ ಮಾತ್ರ ಪರದೆ ಬೆಳಗುತ್ತದೆ. ಫೋನಿರಲಿ, ಟೀವಿಯಿರಲಿ, ಬ್ಯಾಂಕಿನ ಯಂತ್ರವಿರಲಿ, ಒಬ್ಬರೇ ನೋಡಿದರೆ ಅದು ಬರೀ ಕರಿ ಹಲಗೆ. ಎರಡನೆಯವರು ಬಂದು ಕಣ್ಣಿಟ್ಟ ಕೂಡಲೇ ಬೆಳಕು. ಮೂರನೆಯವರು ಬಂದರೆ ಇನ್ನಷ್ಟು ಬೆಳಕು. ಕ್ರಿಕೆಟ್ ಪಂದ್ಯದ ದಿನ ಚೌಕದ ದೊಡ್ಡ ಟೀವಿಯ ಮುಂದೆ ಕೂರುವವರು ತಂಪು ಕನ್ನಡಕ ಹಾಕಿಕೊಂಡೇ ಬರುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು "ಸ್ವಲ್ಪ ಕಣ್ಣ ಕೊಡ್ರಿ" ಎಂದು ಮಷಿನನ್ನು ಮುಂದೆ ಹಿಡಿಯುತ್ತಾನೆ. ಬೀದಿಯಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಕಣ್ಣು ಕೇಳಬಹುದು, ಇಲ್ಲವೆನ್ನುವ ರೂಢಿಯಿಲ್ಲ. ಕಣ್ಣು ಕೊಟ್ಟವರು ನೋಡಿದ್ದನ್ನು ಇನ್ನೊಬ್ಬರಿಗೆ ಹೇಳುವ ರೂಢಿಯೂ ಇಲ್ಲ ಎನ್ನುತ್ತಾರೆ, ಆದರೆ ಯಾವ ಹುಡುಗ ಯಾವ ಹುಡುಗಿಗೆ ಏನು ಬರೆದ ಎಂಬುದು ಹೇಗೋ ಊರಿಗೆಲ್ಲ ತಿಳಿದಿರುತ್ತದೆ. ಜಗಳವಾಡಿದ ಗಂಡ ಹೆಂಡತಿ ಸಂಜೆ ಧಾರಾವಾಹಿಯ ಹೊತ್ತಿಗೆ ರಾಜಿಯಾಗಲೇಬೇಕು. ನಾನು ಕೆಲಸ ಮಾಡುವ ನೀರಿನ ಟ್ಯಾಂಕಿನ ಕಚೇರಿಯಲ್ಲಿ ನೀರಿನ ಮಟ್ಟ ತೋರಿಸುವ ಪರದೆಯನ್ನು ನಾನೂ ಬಸವಂತಪ್ಪನೂ ಸೇರಿ ನೋಡುತ್ತೇವೆ. ಊಟವಾದ ಮೇಲೆ ಬಸವಂತಪ್ಪನ ಕಣ್ಣು ಮುಚ್ಚುತ್ತದೆ, ಪರದೆ ಆರುತ್ತದೆ, ಟ್ಯಾಂಕು ತುಂಬಿ ಹರಿಯುತ್ತದೆ. ಕೆಳಗಿನ ಓಣಿಯ ಹೆಂಗಸರು ಕೊಡ ಹಿಡಿದು ಓಡಿಬಂದು "ಬಸವಂತಪ್ಪನ ನಿದ್ದಿ ನೀರು ಬಂತವಾ" ಎಂದು ನಗುತ್ತ ತುಂಬಿಕೊಳ್ಳುತ್ತಾರೆ.

ನನ್ನಂಥವನಿಗೆ ಇದು ಸುಲಭದ ಊರಲ್ಲ. ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವನು. ಮಾತಿಗಿಂತ ಮಾತು ನಿಂತಾಗಿನ ಹೊತ್ತು ಇಷ್ಟಪಡುವವನು. ಇಲ್ಲಿ ಓದಬೇಕೆಂದರೆ ಪಕ್ಕದಲ್ಲಿ ಒಬ್ಬರು ಬೇಕು, ಒಬ್ಬರು ಬಂದರೆಂದರೆ ಮಾತೂ ಬಂತು. ಕಾಲೇಜಿನಲ್ಲಿ ನನ್ನ ಪಕ್ಕ ಕೂತವರೆಲ್ಲ ಓದಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಬೇಸತ್ತು ಪುಸ್ತಕದ ಕಡೆ ತಿರುಗಿದ್ದೆ. ಪುಸ್ತಕ ಯಾರ ಕಣ್ಣನ್ನೂ ಬೇಡುವುದಿಲ್ಲ. ಆದರೆ ನನಗೆ ಹುಚ್ಚು ಹಿಡಿಸಿದ ಸಂಗತಿಗಳು ಪುಸ್ತಕಕ್ಕೆ ಬರುವ ಹೊತ್ತಿಗೆ ಹಳಸಿರುತ್ತವೆ.

ಅವು ಬಿಸಿಬಿಸಿಯಾಗಿ ಸಿಗುವುದು ಕಟ್ಟೆಯಲ್ಲಿ. ಅದೊಂದು ಜಾಲತಾಣ. ಅದಕ್ಕೆ ಬೇರೆ ಹೆಸರಿದೆ, ನಮ್ಮವರೆಲ್ಲ ಕಟ್ಟೆ ಎನ್ನುತ್ತಾರೆ. ಲೋಕದ ಮೂಲೆಮೂಲೆಯಲ್ಲಿ ಪ್ರೋಗ್ರಾಂ ಬರೆಯುವವರು ಅಲ್ಲಿ ಸುದ್ದಿ ತಂದು ಹಾಕುತ್ತಾರೆ. ಯಾವುದೋ ಭಾಷೆಯ ಹೊಸ ಆವೃತ್ತಿ ಬಂತು. ಯಾರೋ ಬಟ್ಟೆ ಒಗೆಯುವ ಯಂತ್ರದ ಪುಟ್ಟ ಪರದೆಯ ಮೇಲೆ ಚದುರಂಗ ಆಡಿಸಿದರು. ಇನ್ಯಾರೋ ಒಂದು ತಪ್ಪು ಆಜ್ಞೆ ಕೊಟ್ಟು ತಮ್ಮ ಕಚೇರಿಯ ಮಾಹಿತಿಯನ್ನೆಲ್ಲ ಅಳಿಸಿಕೊಂಡು ಈಗ ಅದರ ಕಥೆ ಬರೆದಿದ್ದಾರೆ. ಮೆಚ್ಚಿದವರು ಬಾಣದ ಗುರುತು ಒತ್ತುತ್ತಾರೆ, ಸುದ್ದಿ ಮೇಲೇರುತ್ತದೆ. ಅದರ ಕೆಳಗೆ ವಾದ, ಕೀಟಲೆ, ತಿದ್ದುಪಡಿ. ಮೊದಲ ಪುಟದಲ್ಲಿ ಉಳಿದದ್ದನ್ನು ಲೋಕವೆಲ್ಲ ನೋಡುತ್ತದೆ. ಜಾರಿದ್ದನ್ನು ಹಾಕಿದವನೂ ಮರೆಯುತ್ತಾನೆ.

ಸಂಜೆಯಾಯಿತೆಂದರೆ ಊರಿನ ಕಟ್ಟೆ ಹುಚ್ಚರು ಇರ್ಫಾನನ ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಸೇರುತ್ತಾರೆ. ಕೆಳಗೆ ಗಿರಣಿ, ಮೇಲೆ ಬೆಂಚುಗಳು, ಬೆಂಚಿಗೊಂದು ಕಂಪ್ಯೂಟರ್, ಕಂಪ್ಯೂಟರಿಗೊಂದು ಜೋಡಿ, ಎಲ್ಲರ ತಲೆಯ ಮೇಲೂ ತೆಳ್ಳಗೆ ಹಿಟ್ಟು. ಇಲ್ಲಿ ಜೋಡಿ ಕೂಡುವುದು ಓದಿನ ವೇಗದ ಮೇಲೆ. ಒಬ್ಬರು "ಆತೇನ?" ಎನ್ನಬೇಕು, ಇನ್ನೊಬ್ಬರು "ಆತು" ಎನ್ನಬೇಕು, ಆಮೇಲೆಯೇ ಪುಟ ಕೆಳಗಿಳಿಸುವುದು. ವೇಗ ಹೊಂದದಿದ್ದರೆ ನಾಳೆ ಬೇರೆ ಜೋಡಿ ನೋಡಿಕೊಳ್ಳಬಹುದು, ಯಾರೂ ಬೇಸರಪಡುವುದಿಲ್ಲ. ಪುಟದ ನಡುವೆ ಎದ್ದುಹೋಗುವುದು ಮಾತ್ರ ಪಂಕ್ತಿಯಲ್ಲಿ ಬಡಿಸಿದ ಎಲೆ ಬಿಟ್ಟು ಎದ್ದಷ್ಟೇ ಅವಮಾನ.

ಇರ್ಫಾನ್ ಊರಿನಲ್ಲೇ ಅತಿ ಬೇಗ ಓದುವವನು. ಅವನ ಭಾಮೈದ ಒಬ್ಬನೇ ಅವನ ಜೊತೆ ಕೂರಬಲ್ಲ, ಅವನೂ ಕಿಸೆಯಲ್ಲಿ ತಲೆನೋವಿನ ಗುಳಿಗೆ ಇಟ್ಟುಕೊಂಡಿರುತ್ತಾನೆ. ಕಸ್ತೂರಕ್ಕ ಅತಿ ನಿಧಾನಕ್ಕೆ ಓದುವವರು. ಅವರ ಜೊತೆ ಕೂತವರು ಯಾರೂ ಒಂದು ವಾರ ದಾಟಿದ್ದಿಲ್ಲ.

"ಅಕ್ಕನ ಜೋಡಿ ಕುಂತ್ರ ಸುದ್ದಿ ಓದಿ ಮುಗಸೂದ್ರಾಗ ಅದು ಇತಿಹಾಸ ಆಗಿರತೈತಿ" ಎಂದು ಇರ್ಫಾನ್ ಕಾಡಿಸುತ್ತಿದ್ದ.

ಕಸ್ತೂರಕ್ಕ ಬಿಟ್ಟುಕೊಡುವವರಲ್ಲ. "ನೀ ಎಲ್ಲಿ ಓದತೀಯೋ? ಗಿರಣ್ಯಾಗ ಜೋಳ ಸುರದಂಗ ಸುರೀತಿ. ಹಿಟ್ಟು ಬಿದ್ದದ್ದ ಮಾತ್ರ ಯಾರೂ ನೋಡಿಲ್ಲ."

ನಾನು ಅವರ ಪಕ್ಕ ಮೊದಲು ಕೂತದ್ದು ಬೇರೆಲ್ಲೂ ಜಾಗವಿಲ್ಲದ ಒಂದು ಸಂಜೆ. ಅಟ್ಟ ಹತ್ತುವವರೆಗೂ ಮಾತಾಡುತ್ತಲೇ ಬಂದ ಕಸ್ತೂರಕ್ಕ ಪರದೆ ಬೆಳಗಿದ ಕೂಡಲೇ ದೀಪ ಆರಿಸಿದಷ್ಟು ಸುಮ್ಮನಾದರು. ನಾನು ಪುಟ ಓದಿ ಮುಗಿಸಿದೆ. ಅವರದು ಮುಗಿದಿರಲಿಲ್ಲ. ಮಾಡಲು ಬೇರೇನೂ ಇಲ್ಲದೆ ಅದನ್ನೇ ಎರಡನೆಯ ಸಲ ಓದಿದೆ. ಆಮೇಲೆ ಓದುವುದನ್ನೂ ಬಿಟ್ಟು ಸುಮ್ಮನೆ ಅಕ್ಷರಗಳ ಮೇಲೆ ಕಣ್ಣಿಟ್ಟು ಕೂತೆ. ಗಿರಣಿಯ ಗುಡುಗುಡು ಹಲಗೆಯೊಳಗಿಂದ ಅಂಗಾಲಿಗೆ ಬರುತ್ತಿತ್ತು. ಒಬ್ಬರ ಮೊಣಕೈ ತಾಗುವಷ್ಟು ಹತ್ತಿರ ಕೂತೂ ಒಬ್ಬನೇ ಇರಬಹುದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವರು "ಆತೇನೋ ತಮ್ಮಾ?" ಎಂದರು. ಯಾಕೋ ಬಾಯಿಗೆ ಬಂದದ್ದು, "ಇನ್ನೊಂದ ಸಾಲ ಐತ್ರಿ ಅಕ್ಕಾ."

ಕಸ್ತೂರಕ್ಕ ಬೆಂಚಿನ ಮೇಲೆ ನೆಟ್ಟಗೆ ಕೂತರು. "ಸಾವಕಾಶ ಓದಪಾ. ಅವಸರ ಏನೈತಿ?" ಎಂದರು. ಆ ಮಾತನ್ನು ಇನ್ನೊಬ್ಬರಿಗೆ ಹೇಳುವ ಸಂದರ್ಭ ಅವರಿಗೆ ಅದೇ ಮೊದಲು ಬಂದಿತ್ತೆಂದು ಅವರ ದನಿಯಲ್ಲೇ ತಿಳಿಯುತ್ತಿತ್ತು. ಮರುದಿನವೂ ಅಲ್ಲೇ ಹೋಗಿ ಕೂತೆ.

ಕಸ್ತೂರಕ್ಕನದು ಜಂಪರಗಳಿಗೆ ಕಸೂತಿ ಹಾಕಿಕೊಡುವ ಅಂಗಡಿ. ಅವರ ಹತ್ತಿರ ಕಂಪ್ಯೂಟರಿನಿಂದ ನಡೆಯುವ ಎಂಬ್ರಾಯ್ಡರಿ ಮಷಿನ್ ಇತ್ತು. ಚಿತ್ರ ಕೊಟ್ಟರೆ ತಾನೇ ಹೊಲಿಯುತ್ತಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಯಿತು, ಅದರ ಜೊತೆ ಬಂದ ಪ್ರೋಗ್ರಾಂ ಹೊಸ ಕಂಪ್ಯೂಟರುಗಳಲ್ಲಿ ಓಡದಾಯಿತು. ಗಟ್ಟಿಮುಟ್ಟಾಗಿದ್ದ ಮಷಿನ್ ಹಳೆಯ ಸೀರೆ ಹೊದ್ದು ಮೂಲೆ ಸೇರಿತು. ಕಸ್ತೂರಕ್ಕ ಪ್ರೋಗ್ರಾಂ ಕಲಿಯಲು ಅಟ್ಟ ಹತ್ತಿದ್ದೇ ಅದಕ್ಕಾಗಿ. ಆ ಮಳೆಗಾಲ ನಾವಿಬ್ಬರೂ ಕೂತು ಅದಕ್ಕೊಂದು ಹೊಸ ಪ್ರೋಗ್ರಾಂ ಬರೆದೆವು. ಮೊದಲ ಸಲ ಓಡಿಸಿದಾಗ ಅದು ಹೊಲಿದ ಮಾವಿನಕಾಯಿ ಥೇಟು ಬದನೆಕಾಯಿಯ ಹಾಗಿತ್ತು. ಕಸ್ತೂರಕ್ಕ ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಗುವಿನ ಮುಖ ತೋರಿಸುವಂತೆ, ಓಣಿಯ ಮನೆಮನೆಗೂ ತೋರಿಸಿ ಬಂದರು.

ತಿದ್ದಿ ಸರಿಮಾಡಿದ ಮೇಲೆ ಒಂದು ದಿನ ಅವರು, "ಇಂಥಾ ಮಷಿನ್ ಸೀರಿ ಹೊದ್ದು ಕುಂತಿರೂ ಮನಿ ಲೋಕದಾಗ ಇನ್ನ ಎಷ್ಟ ಅದಾವೋ ಏನೋ. ಅವರಿಗೆಲ್ಲ ಇದು ಮುಟ್ಟಬೇಕು ತಮ್ಮಾ" ಎಂದರು. ಮುಟ್ಟಿಸಲು ನಮಗೆ ಗೊತ್ತಿದ್ದ ದಾರಿ ಕಟ್ಟೆ ಒಂದೇ. ಕಟ್ಟೆಯ ರಿವಾಜು ಮಾತ್ರ ಕಠಿಣ. ನೀವು ಮಾಡಿದ್ದನ್ನು ಅಲ್ಲಿ ಹಾಕಿದರೆ ಅದೇ ಸಂಜೆ ಬಂದ ಪ್ರಶ್ನೆಗಳಿಗೆಲ್ಲ ಬಂದ ಹಾಗೆಯೇ ಉತ್ತರ ಕೊಡುತ್ತಿರಬೇಕು. ಉತ್ತರ ಬಿದ್ದಷ್ಟೂ ಮಾತು ಬೆಳೆಯುತ್ತದೆ, ಸುದ್ದಿ ಮೇಲೆ ನಿಲ್ಲುತ್ತದೆ. ತಡವಾದರೆ ಜಾರುತ್ತದೆ. ಎರಡನೆಯ ಸಲ ಹಾಕಲು ಬಿಡುವುದಿಲ್ಲ.

ಹಾಕುವ ದಿನ ಮಧ್ಯಾಹ್ನ ಇರ್ಫಾನ್ ನನ್ನ ಕಚೇರಿಗೆ ಬಂದ. ಬಂದವನೇ ಬಸವಂತಪ್ಪನ ಕುರ್ಚಿಯ ಕೈಯ ಮೇಲೆ ಕೂತ.

"ಚಿದಂಬರಣ್ಣ, ಇವತ್ತ ಒಂದ ಸಂಜಿ ನನ್ನ ಜೋಡಿ ಕೂಡ್ರಿ."

"ಕಸ್ತೂರಕ್ಕ?"

"ಅಕ್ಕಗ ಎಲ್ಲಾರಿಗೂ ಚಹಾ ಮಾಡಾಕ ಹಚ್ಚೋಣು" ಎಂದು ನಕ್ಕ. ನಾನು ನಗದಿದ್ದುದನ್ನು ನೋಡಿ ದನಿ ತಗ್ಗಿಸಿದ. "ನೀವು ಬಸ್‌ಸ್ಟ್ಯಾಂಡಿನ್ಯಾಗ ನನಗ ಕಣ್ಣ ಕೊಟ್ಟಿದ್ರಿ, ನೆನಪೈತಿ? ನನಗಿಂತ ಮೊದಲ ಓದಿ ಮುಗಿಸಿ ಎಲ್ಲೋ ಕಳದುಹೋಗಿದ್ರಿ. ನನಗ ತಿಳೀತೈತ್ರಿ, ನಾ ದಿನಾ ಅದನ್ನ ಮಾಡಾವ. ನೀವೇನು ಸಾವಕಾಶ ಓದಾವ್ರಲ್ಲ. ಯಾಕ ಈ ನಾಟಕ?"

ಬಸವಂತಪ್ಪ ಅಂದು ನಿದ್ದೆಯನ್ನೇ ಮರೆತು ನಮ್ಮಿಬ್ಬರನ್ನೂ ನೋಡುತ್ತಿದ್ದ.

"ಅಕ್ಕನ ಮಷಿನ್ ಮುಖ್ಯೋ, ಅಕ್ಕನ ಮನಸ ಮುಖ್ಯೋ, ನೀವs ನೋಡ್ರಿ. ಆಕಿ ಜೋಡಿ ಕುಂತ್ರ ಒಂದ ಪ್ರಶ್ನಿ ಓದೂದ್ರಾಗ ಎಲ್ಲಾ ಜಾರಿ ಹೋಗತೈತಿ."

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಸಂಜೆ ಗಿರಣಿಗೆ ಹೋದೆ. ಇರ್ಫಾನ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಸ್ತೂರಕ್ಕ ಇಟ್ಟುಕೊಂಡಿದ್ದ ಹೊಸ ಸೀರೆ ಉಟ್ಟು, ಡಬ್ಬಿ ತುಂಬ ಶೇಂಗಾ ಉಂಡೆ ತಂದು ಬೆಂಚಿನ ಕೆಳಗಿಟ್ಟು, ನನಗೆ ಜಾಗ ಬಿಟ್ಟು ಕೂತಿದ್ದರು. ನಾನು ಹೋಗಿ ಅಲ್ಲೇ ಕೂತೆ. ಯೋಚಿಸಿ ನಿರ್ಧಾರ ಮಾಡಿದೆನೆಂದು ಹೇಳಲಾರೆ. ಕಾಲು ಆ ಕಡೆ ಹೋಯಿತು, ಅಷ್ಟೆ.

ಸುದ್ದಿ ಹಾಕಿದ ಸ್ವಲ್ಪ ಹೊತ್ತಿಗೇ ಅದು ಮೊದಲ ಪುಟಕ್ಕೆ ಏರಿತು. ಅಟ್ಟದ ಮೇಲೆ ಸಿಳ್ಳು ಬಿತ್ತು. ಪಕ್ಕದ ಬೆಂಚಿನಲ್ಲಿ ಇರ್ಫಾನ್ ಮತ್ತು ಭಾಮೈದ ನಮ್ಮ ಸುದ್ದಿಗೆ ಬಂದ ಪ್ರಶ್ನೆಗಳನ್ನು ನಮಗಿಂತ ಮೊದಲೇ ಓದುತ್ತಿದ್ದರು. ಇದ್ದಕ್ಕಿದ್ದಂತೆ ಇರ್ಫಾನ್ ಹಣೆ ಬಡಿದುಕೊಂಡ.

"ಅಕ್ಕಾ, ನಿಮ್ಮ ಪ್ರೋಗ್ರಾಂ ಇಬ್ಬರ ಹೆಸರ ಕೇಳತೈತೇನ್ರಿ?"

"ಹೂಂ ಮತ್ತ. ಇಬ್ಬರೂ ಹೆಸರ ಕೊಟ್ಟು, ಇಬ್ಬರೂ ಓದೇವಿ ಅಂತ ಒಪ್ಪಿದ ಮ್ಯಾಲೇ ಹೊಲಿಗಿ ಚಾಲೂ ಆಗೂದು. ಇಲ್ಲಾಂದ್ರ ಒಬ್ಬರು ಓದೂದ್ರಾಗ ಇನ್ನೊಬ್ಬರು ಗುಂಡಿ ಒತ್ತಿ ಸೂಜಿ ಮುರೀತಾರ."

"ಅವರು ಒಬ್ಬೊಬ್ಬರ ಕುಂತಾರಕ್ಕಾ! ಊರ ಹೊರಗ ಎಲ್ಲಾರೂ ಒಬ್ಬೊಬ್ಬರs ನೋಡತಾರ!"

ಹೊರಗಿನವರು ಒಬ್ಬೊಬ್ಬರೇ ಪರದೆ ನೋಡುತ್ತಾರೆಂದು ನಮಗೆ ಗೊತ್ತಿತ್ತು. ನಮ್ಮ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಬರೆಯುವಾಗ ಇಬ್ಬರಿಗೂ ಅದು ಹೊಳೆದಿರಲಿಲ್ಲ. ಪರದೆಯ ಮುಂದೆ ಒಬ್ಬನೇ ಕೂತ ಮನುಷ್ಯನ ಚಿತ್ರ ನಮ್ಮ ತಲೆಯಲ್ಲಿ ಮೂಡುವುದೇ ಇಲ್ಲ.

"ಒಬ್ಬಾಂವ ತನ್ನ ಬೆಕ್ಕಿನ ಹೆಸರ ಕೊಟ್ಟಾನಂತ. ಬೆಕ್ಕು ಓದಿ ಒಪ್ಪೇತಿ, ಹೊಲಿಗಿ ಚೊಲೋ ಬಂದೈತಿ ಅಂತ ಬರದಾನ" ಎಂದ ಭಾಮೈದ. ಅಟ್ಟವೆಲ್ಲ ನಕ್ಕಿತು.

ಕಸ್ತೂರಕ್ಕ ನಗಲಿಲ್ಲ. ನಮ್ಮ ಪರದೆಯ ಮೇಲೆ ಎಲ್ಲಕ್ಕಿಂತ ಮೇಲಿದ್ದ ಟೀಕೆಯನ್ನು ಅವರು ಓದತೊಡಗಿದ್ದರು. ನಾನು ಓದಿ ಮುಗಿಸಿದ್ದೂ ಅದನ್ನೇ. ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು: ಈ ಮಷಿನ್ ನನ್ನ ಅಕ್ಕನದು. ಆಕೆ ತೀರಿಕೊಂಡ ಮೇಲೆ ಎಷ್ಟೋ ವರ್ಷ ಸುಮ್ಮನೆ ಕೂತಿತ್ತು. ನಿಮ್ಮ ಪ್ರೋಗ್ರಾಂ ಹಾಕಿ ನೋಡಿದೆ. ಜೊತೆಯವರ ಹೆಸರು ಕೇಳಿತು. ಯಾರೂ ಹೊಳೆಯದೆ ಅಕ್ಕನ ಹೆಸರು ಕೊಟ್ಟೆ. ಆಮೇಲೆ ಅದು ಆಕೆಯ ಹೆಸರು ಹಿಡಿದು, ಓದಿ ಮುಗಿಸಿದರೇ ಎಂದು ನನ್ನನ್ನೇ ಕೇಳಿತು. ಮಷಿನ್ ಆರಿಸಿಬಿಟ್ಟೆ. ಇಂಥ ತಮಾಷೆ ಮಾಡುವವರು ಪ್ರೋಗ್ರಾಂ ಬರೆಯಬಾರದು.

ಮೊದಲ ಸಲ ಓದಿದಾಗ ನನಗೆ ಕೊನೆಯ ಸಾಲು ಮಾತ್ರ ಕಂಡಿತು. ಸಿಟ್ಟು ಬಂತು. ಪುಕ್ಕಟೆ ಕೊಟ್ಟದ್ದಕ್ಕೆ ಈ ಮಾತೇ ಎಂದುಕೊಂಡು ಒಂದು ಚುರುಕಾದ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿದೆ. ಕಸ್ತೂರಕ್ಕನ ಬೆರಳು ಆಡುತ್ತಲೇ ಇತ್ತು. ಎರಡನೆಯ ಸಲ ಓದಿದೆ. ಉತ್ತರ ಮೊಂಡಾಯಿತು. ಮೂರನೆಯ ಸಲ, ಯಾವುದೋ ಊರಿನಲ್ಲಿ ಒಂದು ಕೋಣೆ ಕಂಡಿತು. ಅಲ್ಲಿ ಒಬ್ಬ ಮನುಷ್ಯ ಮಷಿನ್ನಿನ ಮೇಲಿನ ಬಟ್ಟೆ ತೆಗೆದು ಮಡಚಿ ಪಕ್ಕಕ್ಕಿಡುತ್ತಿದ್ದ. ಪರದೆಯ ಮುಂದೆ ಒಬ್ಬನೇ ಕೂತವನ ಚಿತ್ರ ನನಗೆ ಮೂಡಿದ್ದು ಅದೇ ಮೊದಲು.

ಪರದೆ ತಟ್ಟನೆ ಇನ್ನಷ್ಟು ಬೆಳಗಿತು. ಕಸ್ತೂರಕ್ಕ ತಲೆಯೆತ್ತದೆ, "ಯಾರದು ಕಣ್ಣ ಹಾಕಿದಾವ್ರು?" ಎಂದರು.

"ನಾನs ಅಕ್ಕಾ" ಎಂದ ಇರ್ಫಾನ್, ನಮ್ಮ ಹಿಂದೆ ಬಗ್ಗಿ ನಿಂತು. "ಜಲ್ದಿ ಮಾಡ್ರಿ. ಪುಟದ ತಳಕ್ಕ ಬಂದೈತಿ. ಒಬ್ಬರಿಗಾದ್ರೂ ಉತ್ತರ ಕೊಡ್ರಿ."

"ಓದಾಕತ್ತೇನಲ್ಲೋ."

ಇರ್ಫಾನ್ ನನ್ನ ಹೆಗಲು ಒತ್ತಿದ. ನೀವಾದರೂ ಹೇಳಿರಿ ಎಂಬುದು ಆ ಒತ್ತಿನಲ್ಲಿತ್ತು. ಒಂದೇ ಮಾತು ಸಾಕಾಗಿತ್ತು. ಅಕ್ಕಾ, ನನ್ನದು ಆಗೇತಿ, ನಡೀರಿ. ಮಷಿನ್ನು ನೂರಾರು ಮನೆಗಳಲ್ಲಿ ಮತ್ತೆ ಓಡಬೇಕೆಂಬುದು ಅವರ ಆಸೆಯೇ. ಅದು ಜಾರುತ್ತಿದ್ದುದು ಅವರ ಓದಿನಿಂದಲೇ. ಅದನ್ನು ಅವರಿಗೆ ಹೇಳುವವನು ನಾನಾಗಬೇಕಿತ್ತು. ನಾನು ಪರದೆಯಿಂದ ಕಣ್ಣು ತೆಗೆಯದೆ ಕೂತೆ.

ಬೆರಳು ನಿಂತಿತು. "ಆತೇನೋ ತಮ್ಮಾ?"

"ಇನ್ನೊಂದ ಸಾಲ ಐತ್ರಿ" ಎಂದೆ. ಹಿಂದೆ ಇರ್ಫಾನ್ ಉಸಿರು ಬಿಟ್ಟದ್ದು ಕೇಳಿಸಿತು. "ಹಾಂ, ಈಗ ಆತ್ರಿ."

"ಇವರು ನಮಗ ಬೈದಿಲ್ಲ ನೋಡು. ನಾವs ಇವರಿಗೆ ಬೈದಂಗ ಆಗೇತಿ" ಎಂದರು ಕಸ್ತೂರಕ್ಕ. "ಬರೀ. ನಾ ಹೇಳತೀನಿ, ನೀ ಇಂಗ್ಲಿಷಿನ್ಯಾಗ ಹಾಕು."

ಬರೆದೆವು. ನಮ್ಮ ಊರಿನಲ್ಲಿ ಒಬ್ಬರೇ ಕೂತರೆ ಪರದೆ ಬೆಳಗುವುದಿಲ್ಲ, ಹಾಗಾಗಿ ನಮಗೆ ಇಬ್ಬರನ್ನು ಕೇಳಿಯೇ ಅಭ್ಯಾಸ. ತಮಾಷೆ ಮಾಡಿದ್ದಲ್ಲ. ನಿಮಗೆ ನೋವಾದದ್ದಕ್ಕೆ ನಮಗೂ ನೋವಾಗಿದೆ. ಆ ಪ್ರಶ್ನೆಯನ್ನು ತೆಗೆಯುತ್ತೇವೆ. ನಮ್ಮ ಮಷಿನ್ನೂ ಹೀಗೆಯೇ ಸೀರೆ ಹೊದ್ದು ಕೂತಿತ್ತು. ಇಷ್ಟು ಬರೆಸಿ, ಸ್ವಲ್ಪ ತಡೆದು, ಕಸ್ತೂರಕ್ಕ ಇನ್ನೊಂದು ಸಾಲು ಸೇರಿಸಿದರು. ನಿಮ್ಮ ಅಕ್ಕ ಏನೇನು ಹೊಲಿಯುತ್ತಿದ್ದರು?

ನಮ್ಮ ಊರಿನ ವಿಷಯವನ್ನು ಯಾರೂ ಹೊರಗಿನವರಿಗೆ ಬರೆಯುವುದಿಲ್ಲ. ಬರೆದರೆ ನಂಬುವುದಿಲ್ಲ. ಕಸ್ತೂರಕ್ಕನಿಗೆ ಅದನ್ನು ನೆನಪಿಸೋಣವೆನಿಸಿತು, ಆದರೆ ಬರೆದದ್ದು ನಿಜವಾಗಿತ್ತು. ಕಳಿಸಿದೆವು. ಅಷ್ಟರಲ್ಲಿ ಇರ್ಫಾನ್ ತನ್ನ ಬೆಂಚಿಗೆ ಹಾರಿ, ಭಾಮೈದನ ಜೊತೆ ಕೂತು, ಒಬ್ಬರೇ ಇದ್ದರೆ ಎರಡನೆಯ ಹೆಸರನ್ನು ಬಿಟ್ಟು ಮುಂದೆ ಹೋಗುವ ಹಾಗೆ ಪ್ರೋಗ್ರಾಮನ್ನು ತಿದ್ದಿ ಕೊಟ್ಟ. ಅದನ್ನೂ ಹಾಕಿದೆವು. ಎರಡನೆಯ ಟೀಕೆಗೆ ಇಳಿಯುವ ಹೊತ್ತಿಗೆ ಭಾಮೈದ, ನಮ್ಮವರ ವಿಕೆಟ್ ಬಿದ್ದಾಗ ಹೇಳುವ ದನಿಯಲ್ಲಿ, "ಜಾರಿತ್ರಿ" ಎಂದ.

ಮೊದಲ ಪುಟದಲ್ಲಿ ನಮ್ಮ ಸುದ್ದಿ ಇರಲಿಲ್ಲ. ಗಿರಣಿಯೂ ನಿಂತಿದ್ದರಿಂದ ಅಟ್ಟ ಇನ್ನಷ್ಟು ಖಾಲಿ ಅನಿಸಿತು. ಕಸ್ತೂರಕ್ಕ ಬಗ್ಗಿ ಬೆಂಚಿನ ಕೆಳಗಿನ ಡಬ್ಬಿ ತೆಗೆದು ಎಲ್ಲರಿಗೂ ಉಂಡೆ ಹಂಚಿದರು. "ತಿನ್ನರೋ. ಒಬ್ಬರಿಗಾದ್ರೂ ಮುಟ್ಟೇತಲ್ಲ" ಎಂದರು. ಇರ್ಫಾನ್ ಉಂಡೆ ತಿನ್ನುತ್ತ ನನ್ನ ಕಡೆ ನೋಡಿದ. ಮನೆಗೆ ನಡೆಯುವಾಗ ನಾನು ಆಡದ ಮಾತು ನನ್ನ ಜೊತೆಗೇ ಬಂತು. ನನ್ನ ಮೌನ ದಯೆಯೋ ಹೇಡಿತನವೋ ತಿಳಿಯಲಿಲ್ಲ. ಬಾಯಲ್ಲಿ ಶೇಂಗಾ ಉಂಡೆಯ ಬೆಲ್ಲದ ರುಚಿ ಇತ್ತು, ಅದೊಂದೇ ಸಮಾಧಾನ.

ಮರುದಿನ ಟ್ಯಾಂಕಿನ ಕಚೇರಿಗೆ ಇರ್ಫಾನ್ ಓಡಿಬಂದ. ಮೈಯೆಲ್ಲ ಹಿಟ್ಟು. ಮಾತಾಡಲು ಉಸಿರಿಲ್ಲದೆ ನನ್ನ ತೋಳು ಹಿಡಿದು ಎಳೆದ. "ನಡೀರಿ. ಏನಂತ ಕೇಳಬ್ಯಾಡ್ರಿ. ಅಕ್ಕ ಬಂದ ಮ್ಯಾಲೇ ತೆಗಿಯೋಣಂತ ತಡದೀನಿ. ಜಲ್ದಿ!" ಬಸವಂತಪ್ಪನೂ ಚಪ್ಪಲಿ ಹುಡುಕುತ್ತ ಹಿಂದೆ ಹೊರಟ. ಟ್ಯಾಂಕನ್ನು ಯಾರು ನೋಡಬೇಕೆಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಗಿರಣಿಯ ಮೆಟ್ಟಿಲ ಹತ್ತಿರ ಕಸ್ತೂರಕ್ಕ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದರು. ನಾವಿಬ್ಬರೂ ನಮ್ಮ ಬೆಂಚಿನಲ್ಲಿ ಕೂತೆವು. ಪರದೆ ಬೆಳಗಿತು.

ಕಟ್ಟೆಯ ಮೊದಲ ಪುಟದ ಮೊದಲ ಸಾಲಿನಲ್ಲಿ ಒಂದು ಸುದ್ದಿ ಇತ್ತು. ಹಾಕಿದವರು ನಿನ್ನೆಯ ಆ ಮನುಷ್ಯ. ತೆರೆದರೆ ಒಂದು ಫೋಟೋ. ಬಿಳಿ ಬಟ್ಟೆಯ ಮೇಲೆ ದಾರದಲ್ಲಿ ಹೊಲಿದ ಒಂದು ಕೋಳಿ. ತುಸು ಸೊಟ್ಟ. ಕೆಂಪು ಜುಟ್ಟು, ಕಂದು ಮೈ, ಬಾಲ ಮಾತ್ರ ಅಚ್ಚ ನೀಲಿ. ಕೆಳಗೆ ಬರೆದಿದ್ದರು.

ಅಕ್ಕ ಕೋಳಿ ಹೊಲಿಯುತ್ತಿದ್ದಳು. ಕಿಟಕಿಯ ಪರದೆಗೆ ಕೋಳಿ, ದಿಂಬಿಗೆ ಕೋಳಿ, ನನ್ನ ಶಾಲೆಯ ಚೀಲಕ್ಕೂ ಕೋಳಿ. ಯಾರೂ ಇದನ್ನು ನನ್ನನ್ನು ಕೇಳಿ ಬಹಳ ಕಾಲವಾಗಿತ್ತು. ನಿನ್ನೆ ಉತ್ತರ ಬಂದ ಮೇಲೆ ಕೆಳಗಿನ ಮನೆಯವರ ಬಾಗಿಲು ತಟ್ಟಿದೆ. ಇಷ್ಟು ವರ್ಷ ಅವರಿಗೆ ನಾನು ಹೆಜ್ಜೆ ಸದ್ದು, ನನಗೆ ಅವರು ಒಗ್ಗರಣೆ ವಾಸನೆ. ಒಂದು ಹೆಸರು ಬೇಕಾಗಿದೆ, ಸ್ವಲ್ಪ ಬರುತ್ತೀರಾ ಎಂದೆ. ಬಂದರು. ಬಾಲ ನೀಲಿ ಇರಲಿ ಎಂದವರು ಅವರು. ನಾನು ಒಪ್ಪಲಿಲ್ಲ. ಪ್ರೋಗ್ರಾಂ ಇಬ್ಬರೂ ಒಪ್ಪುವವರೆಗೆ ಮುಂದೆ ಹೋಗಲಿಲ್ಲ. ಕೊನೆಗೆ ಒಪ್ಪಿದೆ. ದಯವಿಟ್ಟು ಆ ಪ್ರಶ್ನೆಯನ್ನು ತೆಗೆಯಬೇಡಿ.

ನಾನು ಓದಿ ಮುಗಿಸಿದೆ. ಈ ಸಲ ಎರಡನೆಯ ಸಲ ಓದುವ ಅಗತ್ಯವೂ ಇಲ್ಲದೆ ಕೋಳಿಯನ್ನೇ ನೋಡುತ್ತ ಕೂತೆ. ಪಕ್ಕದಲ್ಲಿ ಬೆರಳು ಸರಸರ ಆಡುತ್ತಿತ್ತು. ಹಿಂದೆ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದರು. ಪ್ರತಿಯೊಬ್ಬರು ಬಂದಾಗಲೂ ಪರದೆ ಒಂದಿಷ್ಟು ಬೆಳಗುತ್ತಿತ್ತು. ಯಾರೂ "ಆತೇನ?" ಎನ್ನಲಿಲ್ಲ. ಇರ್ಫಾನ್ ಕೂಡ ಎನ್ನಲಿಲ್ಲ. ಅಟ್ಟದ ಮೇಲಿನವರೆಲ್ಲ ಕಸ್ತೂರಕ್ಕನಿಗಾಗಿ ಕಾದರು.

"ಆತೇನೋ ತಮ್ಮಾ?" ಎಂದರು ಅವರು ಕೊನೆಗೆ. ದನಿ ಒದ್ದೆಯಾಗಿತ್ತು.

"ಇನ್ನೊಂದ ಸಾಲ" ಎಂದೆ.

ಆಮೇಲೆ ಪುಟ ಇಳಿಸಿದೆವು. ಕೆಳಗೆ ಲೋಕದ ಜನ ಬರೆಯುತ್ತಲೇ ಇದ್ದರು. ಒಬ್ಬರು ಅಜ್ಜಿಯನ್ನು ಕೂರಿಸಿಕೊಂಡು ಎಲೆ ಹೊಲಿದಿದ್ದರು. ಒಬ್ಬರು ಮಾತು ಬಿಟ್ಟಿದ್ದ ತಮ್ಮನನ್ನು ಫೋನು ಮಾಡಿ ಕರೆದಿದ್ದರು. ಬೆಕ್ಕಿನವನು ಈ ಸಲ ಬೆಕ್ಕನ್ನೇ ಹೊಲಿದು ಹಾಕಿದ್ದ. ಮಷಿನ್ನುಗಳ ಮೇಲಿಂದ ತೆಗೆದ ಬಟ್ಟೆಗಳ ಫೋಟೋ ಹಾಕುವುದೂ ಶುರುವಾಗಿತ್ತು. ಹಾಸಿಗೆ ಹೊದಿಕೆ, ಹಳೆಯ ಕೋಟು, ಮೇಜಿನ ಬಟ್ಟೆ. ಎರಡನೆಯ ಹೆಸರನ್ನು ಬಿಟ್ಟು ಮುಂದೆ ಹೋಗುವ ದಾರಿಯನ್ನು ಇರ್ಫಾನ್ ಮಾಡಿಕೊಟ್ಟಿದ್ದ. ಬೇಕಾದವರು ಅದನ್ನು ಬಳಸಿ ತಮ್ಮ ಪಾಡಿಗೆ ಹೊಲಿಯುತ್ತಿದ್ದರು, ಇನ್ನುಳಿದವರು ಬೇಕೆಂದೇ ಯಾರನ್ನಾದರೂ ಕರೆದು ಕೂರಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸುದ್ದಿ ಬೀದಿಗೆ ಬಿದ್ದಿತ್ತು. ಜೋಳ ಬೀಸಲು ಬಂದ ಹೆಂಗಸರು ಬುಟ್ಟಿ ಬಿಟ್ಟು ಮೇಲೆ ಬಂದರು. ಇರ್ಫಾನನ ತಾಯಿ ಬಂದರು. ಬಸ್ಸು ನಿಲ್ಲಿಸಿ ಕಂಡಕ್ಟರ್ ಬಂದ, ಅವನ ಹಿಂದೆ ಬಸ್ಸಿನವರೆಲ್ಲ ಬಂದರು. ನಿಲ್ಲಲು ಜಾಗವಿಲ್ಲದವರು ಮೆಟ್ಟಿಲ ಮೇಲೆ ನಿಂತು ಕತ್ತು ಚಾಚಿದರು. ಅಷ್ಟೂ ಕಣ್ಣು ಒಂದೇ ಕೋಳಿಯ ಮೇಲೆ ಬಿದ್ದಾಗ ಪರದೆ ಬೆಳಗಿದ ಪರಿಯನ್ನು ನಾನು ಕ್ರಿಕೆಟ್ ದಿನವೂ ಕಂಡಿರಲಿಲ್ಲ. ಗಾಳಿಯಲ್ಲಿ ತೇಲುತ್ತಿದ್ದ ಹಿಟ್ಟಿನ ಕಣಕಣವೂ ಕಾಣುತ್ತಿತ್ತು. ಎಲ್ಲರ ಮುಖದ ಮೇಲೂ ನೀಲಿ ಬಾಲದ ಬೆಳಕು. ಬಸವಂತಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು, "ಕೋಳಿ ಕೂಗಿಬಿಟ್ಟೀತ ನೋಡ್ರಿ, ಬೆಳಗಾತಂತ" ಎಂದ. ಅಟ್ಟ ಬೀಳುವಷ್ಟು ನಗು. ಆಗಲೇ ದೂರದಲ್ಲಿ ಯಾರೋ "ಟ್ಯಾಂಕ ತುಂಬಿ ಹರಿಯಾಕತ್ತೈತಿ!" ಎಂದು ಕೂಗಿದರು. ಯಾರೂ ಕದಲಲಿಲ್ಲ.

ಜನ ಕರಗಿದ ಮೇಲೆ ಭಾಮೈದ ಮಿರ್ಚಿ ಬಜಿ ತಂದ. ಇರ್ಫಾನ್, ಕಸ್ತೂರಕ್ಕ, ಅವನು, ನಾನು, ನಾಲ್ವರೂ ಬೆಂಚಿನ ಮೇಲೆ ಕೂತು ತಿಂದೆವು. ಕಸ್ತೂರಕ್ಕ ಮತ್ತೆ ಮಾತಿನ ಕಸ್ತೂರಕ್ಕನಾಗಿದ್ದರು. ಕೆಳಗಿನ ಮನೆಯವರು ನೀಲಿಯನ್ನೇ ಯಾಕೆ ಆರಿಸಿದರು ಎಂಬುದರ ಬಗ್ಗೆ ಅವರ ಹತ್ತಿರ ಮೂರು ವಾದಗಳಿದ್ದವು.

"ನಾ ಒಂದ ಮಾತ ಹೇಳಲೇನು ಇರ್ಫಾನ?" ಎಂದರು ನಡುವೆ. "ಜಲ್ದಿ ಓದಾವ್ರ ಜೋಡಿ ಕುಂತ್ರ ನನಗ ಎದಿ ಡವಡವ ಅನ್ನತೈತಿ. ಅವರು ಮುಗಿಸಿ ನನ್ನ ಸಲುವಾಗಿ ಕಾಯಾಕತ್ತಾರ ಅನಿಸಿದ್ರ ಒಂದಕ್ಷರ ತಲಿಗೆ ಹೋಗೂದಿಲ್ಲ. ಚಿದಂಬರನ ಜೋಡಿ ಆ ಕಾಟ ಇಲ್ಲ. ಪಾಪ, ಅವಂದು ಯಾವಾಗಲೂ ನನಗಿಂತ ಒಂದ ಸಾಲ ಹಿಂದs."

ಇರ್ಫಾನ್ ನನ್ನ ಕಡೆ ನೋಡಿದ. ಬಾಯಿ ತೆರೆದ. ನಾನು ಅವನನ್ನೇ ನೋಡಿದೆ. ಅವನು ಒಂದು ಇಡೀ ಬಜಿಯನ್ನು ಬಾಯಿಗೆ ತುರುಕಿಕೊಂಡು, ಖಾರಕ್ಕೆ ಕಣ್ಣು ತುಂಬಿಕೊಂಡು, "ಖರೆ ಐತಿ ಅಕ್ಕಾ" ಎಂದ.

ಅಂದಿನಿಂದ ಇಂದಿನವರೆಗೆ ನಾನೂ ಕಸ್ತೂರಕ್ಕನೂ ದಿನವೂ ಕಟ್ಟೆ ಓದುತ್ತೇವೆ. ಎಲ್ಲರಿಗಿಂತ ಕಡಿಮೆ ಸುದ್ದಿ ಓದುವವರು ನಾವೇ. ಅವರ ಬೆರಳು ಮೊಣಕಾಲಿನ ಮೇಲೆ ಆಡುತ್ತಿರುತ್ತದೆ, ಕೆಳಗೆ ಗಿರಣಿ ತಿರುಗುತ್ತಿರುತ್ತದೆ, ನಾನು ಬೆಳಕಿನ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತಿರುತ್ತೇನೆ. ಅವರು "ಆತೇನೋ ತಮ್ಮಾ?" ಎನ್ನುವ ಬಹಳ ಮೊದಲೇ ನನ್ನದು ಆಗಿರುತ್ತದೆ ಎಂದು ನಾನು ಅವರಿಗೆ ಎಂದೂ ಹೇಳಿಲ್ಲ.